ಗಳಿಸಿದ ಯಾರ್ಡ್‌ಗಳ ಹಿಂದೆ: ಅಮೆರಿಕದ ಕಾಲೇಜು ಫುಟ್‌ಬಾಲ್ ರನ್ನಿಂಗ್ ಬ್ಯಾಕ್‌ಗಳನ್ನು ಆರಿಸುವ ಬಗೆ

2012ರಲ್ಲಿ ಫ್ಲಾರಿಡಾ ರಾಜ್ಯದ ಈಶಾನ್ಯ ಮೂಲೆಯಲ್ಲಿರುವ ಯೂಲಿ ಎಂಬ ಊರಿನ ಪ್ರೌಢಶಾಲೆಯ ವಿದ್ಯಾರ್ಥಿ ಡೆರಿಕ್ ಹೆನ್ರಿ, ಅಮೆರಿಕದ ಶಾಲಾ ಫುಟ್‌ಬಾಲ್‌ನಲ್ಲಿ 59 ವರ್ಷಗಳಿಂದ ಉಳಿದುಕೊಂಡಿದ್ದ ದಾಖಲೆಯೊಂದನ್ನು ಮುರಿದರು. ಟೆಕ್ಸಸ್‌ನ ಶುಗರ್ ಲ್ಯಾಂಡ್‌ನಲ್ಲಿ ಕೆನ್ ಹಾಲ್ 1950ರಿಂದ 1953ರವರೆಗೆ ಚೆಂಡು ಹಿಡಿದು ಓಡಿ ಗಳಿಸಿದ್ದ 11,232 ಯಾರ್ಡ್‌ಗಳನ್ನು ಹಿಂದಿಕ್ಕಿದ ಹೆನ್ರಿ, ಶಾಲೆ ಬಿಡುವ ಹೊತ್ತಿಗೆ 12,124 ಯಾರ್ಡ್ ತಲುಪಿದ್ದರು; ಅದರಲ್ಲಿ 4,261 ಯಾರ್ಡ್ ಕೊನೆಯ ವರ್ಷದ 13 ಪಂದ್ಯಗಳಲ್ಲೇ ಬಂದವು. ಇಷ್ಟಾದರೂ, ಶಾಲಾ ಆಟಗಾರರನ್ನು ತೂಗಿ ನೋಡುವವರಲ್ಲಿ ಕೆಲವರನ್ನು ಒಂದು ಅನುಮಾನ ಕಾಡುತ್ತಲೇ ಇತ್ತು. ಆರಡಿ ಮೂರಂಗುಲ ಎತ್ತರದ ಈ ಹುಡುಗ ಕಾಲೇಜಿನಲ್ಲಿ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಆಗಿಯೇ ಉಳಿಯುತ್ತಾನೆಯೇ, ಅಥವಾ ಎದುರಾಳಿ ಓಟಗಾರರನ್ನು ತಡೆಯುವ ಲೈನ್‌ಬ್ಯಾಕರ್ ಸ್ಥಾನಕ್ಕೆ ಹೋಗಬೇಕಾಗುತ್ತದೆಯೇ ಎಂದು ಅವರು ಕೇಳುತ್ತಿದ್ದರು.

ಹೆನ್ರಿ ಅಲಬಾಮಾ ವಿಶ್ವವಿದ್ಯಾಲಯ ಸೇರಿ 2015ರಲ್ಲಿ 2,219 ಯಾರ್ಡ್ ಓಡಿದರು, ಕಾಲೇಜು ಆಟದ ಅತಿ ದೊಡ್ಡ ಗೌರವವಾದ ಹೈಸ್‌ಮನ್ ಟ್ರೋಫಿಯನ್ನು ಪಡೆದರು, ಮುಂದೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ 2020ರ ಒಂದೇ ಋತುವಿನಲ್ಲಿ 2,027 ಯಾರ್ಡ್ ಗಳಿಸಿದರು. ಅನುಮಾನಪಟ್ಟವರ ತೀರ್ಮಾನ ತಪ್ಪಾಯಿತು, ನಿಜ. ಆದರೆ ಹನ್ನೆರಡು ಸಾವಿರ ಯಾರ್ಡ್‌ಗಳ ಲೆಕ್ಕವನ್ನು ಎದುರಿಗಿಟ್ಟರೂ ಅವರು ತಮ್ಮ ಪ್ರಶ್ನೆಯನ್ನು ಬಿಟ್ಟುಕೊಡಲಿಲ್ಲವಲ್ಲ, ಆ ನಡವಳಿಕೆ ಸರಿಯಾಗಿಯೇ ಇತ್ತು ಎಂಬುದು ನನ್ನ ಅಭಿಪ್ರಾಯ. ಶಾಲಾ ರನ್ನಿಂಗ್ ಬ್ಯಾಕ್ ಒಬ್ಬನ ಬಗ್ಗೆ ಎಲ್ಲರಿಗೂ ಮೊದಲು ಕಾಣುವುದು ಅವನು ಗಳಿಸಿದ ಯಾರ್ಡ್‌ಗಳು. ಅವನನ್ನು ಅಳೆಯಲು ಎಲ್ಲಕ್ಕಿಂತ ಕಡಿಮೆ ನೆರವಾಗುವುದೂ ಅವೇ.

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ದಾಳಿ ಮಾಡುವ ತಂಡಕ್ಕೆ ಹತ್ತು ಯಾರ್ಡ್ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ. ಒಂದು ಯಾರ್ಡ್ ಎಂದರೆ ಮೂರು ಅಡಿ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯಬಹುದು, ಇಲ್ಲವೇ ತನ್ನ ಪಕ್ಕದಲ್ಲಿ ಅಥವಾ ಹಿಂದೆ ನಿಂತ ರನ್ನಿಂಗ್ ಬ್ಯಾಕ್‌ನ ಕೈಗೆ ಕೊಡಬಹುದು. ಚೆಂಡು ಪಡೆದವನು ಎದುರಾಳಿಗಳು ನೆಲಕ್ಕೆ ಕೆಡವುವವರೆಗೆ ಓಡುತ್ತಾನೆ, ಅವನ ಮುಂದೆ ಐವರು ಭಾರಿ ಮೈಕಟ್ಟಿನ ಲೈನ್‌ಮನ್‌ಗಳು ದಾರಿ ಬಿಡಿಸುತ್ತಾರೆ. ದೇಶದಾದ್ಯಂತ ಸುಮಾರು ಹತ್ತು ಲಕ್ಷ ಶಾಲಾ ಹುಡುಗರು ಆಡುವ ಈ ಆಟದಿಂದ, ಅತ್ಯುನ್ನತ ವಿಭಾಗದ 130ಕ್ಕೂ ಹೆಚ್ಚು ಕಾಲೇಜು ತಂಡಗಳು ಪ್ರತಿ ವರ್ಷ ತಮಗೆ ಬೇಕಾದವರನ್ನು ಆರಿಸಿ ವಿದ್ಯಾರ್ಥಿವೇತನ ಕೊಟ್ಟು ಕರೆದುಕೊಳ್ಳುತ್ತವೆ. 247ಸ್ಪೋರ್ಟ್ಸ್, ಇಎಸ್‌ಪಿಎನ್‌ನಂತಹ ಸಂಸ್ಥೆಗಳು ಹುಡುಗರಿಗೆ ಐದರವರೆಗೆ ಸ್ಟಾರ್‌ಗಳನ್ನು ಕೊಟ್ಟು ಶ್ರೇಣೀಕರಿಸುತ್ತವೆ. 247ಸ್ಪೋರ್ಟ್ಸ್ ವರ್ಷಕ್ಕೆ ಸುಮಾರು 32 ಮಂದಿಗಷ್ಟೇ ಐದು ಸ್ಟಾರ್ ಕೊಡುತ್ತದೆ, ಏಕೆಂದರೆ ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಎನ್‌ಎಫ್‌ಎಲ್ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಇರುವುದು ಅಷ್ಟೇ ಆಯ್ಕೆಗಳು. ಅಂದರೆ ಆ ಸ್ಟಾರ್‌ಗಳು ಹುಡುಗ ಇಂದು ಎಷ್ಟು ಚೆನ್ನಾಗಿ ಆಡುತ್ತಿದ್ದಾನೆ ಎಂಬುದಕ್ಕೆ ಸಿಕ್ಕ ಅಂಕಗಳಲ್ಲ. ಮೂರು ನಾಲ್ಕು ವರ್ಷಗಳ ಮೇಲೆ ಅವನು ಏನಾಗಬಹುದು ಎಂಬ ಊಹೆ.

ಯಾರ್ಡ್‌ಗಳನ್ನು ನಂಬುವುದು ಏಕೆ ಕಷ್ಟ ಎಂಬುದಕ್ಕೆ ಹಲವು ಕಾರಣಗಳಿವೆ. ಒಂದೇ ರಾಜ್ಯದೊಳಗೆ ಶಾಲೆಗಳ ಗಾತ್ರ ಮತ್ತು ಮಟ್ಟ ಎಷ್ಟು ಬದಲಾಗುತ್ತದೆಯೆಂದರೆ, ಟೆಕ್ಸಸ್‌ನ ಅತಿ ದೊಡ್ಡ ಶಾಲೆಗಳ 6ಎ ವಿಭಾಗದಲ್ಲಿ ಗಳಿಸಿದ ಸಾವಿರ ಯಾರ್ಡ್‌ಗೂ ಗ್ರಾಮೀಣ ಭಾಗದ ಸಣ್ಣ ಶಾಲೆಯಲ್ಲಿ ಗಳಿಸಿದ ಎರಡು ಸಾವಿರ ಯಾರ್ಡ್‌ಗೂ ಹೋಲಿಕೆಯೇ ಸಾಧ್ಯವಿಲ್ಲ. ಹದಿನೇಳನೇ ವಯಸ್ಸಿಗೇ ಗಂಡಸಿನ ಮೈಕಟ್ಟು ಬಂದಿರುವ ಹುಡುಗ, ಇನ್ನೂ ಬೆಳೆಯುತ್ತಿರುವ ಹದಿನೈದರ ಹುಡುಗರನ್ನು ಬದಿಗೆ ತಳ್ಳಿ ಓಡುವುದು ದೊಡ್ಡ ವಿಷಯವೇನಲ್ಲ. ಕಾಲೇಜಿಗೆ ಹೋದ ದಿನವೇ ಆ ಅನುಕೂಲ ಮುಗಿದುಹೋಗುತ್ತದೆ. ಮುಂದೆ ನಿಂತ ಲೈನ್‌ಮನ್‌ಗಳಲ್ಲಿ ಇಬ್ಬರು ಮೂವರು ತಾವೇ ದೊಡ್ಡ ಕಾಲೇಜುಗಳಿಗೆ ಹೋಗುವಂಥವರಾದರೆ, ಹಿಂದೆ ಓಡುವವನು ಯಾರೇ ಆದರೂ ಮೊದಲ ಐದು ಯಾರ್ಡ್ ಅನಾಯಾಸವಾಗಿ ಸಿಗುತ್ತದೆ. ಇದರ ಮೇಲೆ ತಂಡದ ಪದ್ಧತಿಯ ಪ್ರಭಾವ ಬೇರೆ. ಕೆಲವು ಶಾಲೆಗಳು ಚೆಂಡನ್ನು ಎಸೆಯುವುದೇ ಅಪರೂಪ, ಪ್ರತಿ ಪಂದ್ಯದಲ್ಲೂ ಒಬ್ಬನಿಂದಲೇ ಮೂವತ್ತಕ್ಕೂ ಹೆಚ್ಚು ಸಲ ಓಡಿಸುತ್ತವೆ. ಇನ್ನು ಕೆಲವು ಶಾಲೆಗಳು ಮೈದಾನದ ಉದ್ದಗಲಕ್ಕೂ ಆಟಗಾರರನ್ನು ಹರಡುವುದರಿಂದ ಎದುರಾಳಿಗಳೂ ಹರಡಲೇಬೇಕಾಗಿ, ಮಧ್ಯಭಾಗ ಬರಿದಾಗುತ್ತದೆ.

ಸಂಖ್ಯೆಗಳು ಇದ್ದಾಗ ದಾರಿ ತಪ್ಪಿಸುವಂತೆ ಇಲ್ಲದಿದ್ದಾಗಲೂ ತಪ್ಪಿಸುತ್ತವೆ. ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ವಿಭಾಗದಲ್ಲಿ ಒಂದು ಋತುವಿನ ಅತಿ ಹೆಚ್ಚು ಓಟದ ದಾಖಲೆ ಇಂದಿಗೂ ಬ್ಯಾರಿ ಸ್ಯಾಂಡರ್ಸ್ ಅವರದು: 1988ರಲ್ಲಿ ಓಕ್ಲಹೋಮಾ ಸ್ಟೇಟ್ ಪರವಾಗಿ 11 ಪಂದ್ಯಗಳಲ್ಲಿ 2,628 ಯಾರ್ಡ್. ಎರಡನೆಯ ಸ್ಥಾನದಲ್ಲಿರುವವರು 2024ರಲ್ಲಿ ಬಾಯ್ಸಿ ಸ್ಟೇಟ್ ಪರವಾಗಿ 14 ಪಂದ್ಯಗಳಲ್ಲಿ 2,601 ಯಾರ್ಡ್ ಓಡಿದ ಆಷ್ಟನ್ ಜೆಂಟಿ. ಇಬ್ಬರ ಎತ್ತರವೂ ಐದಡಿ ಎಂಟಂಗುಲದ ಆಸುಪಾಸು. ಇಬ್ಬರೂ ಶಾಲೆಯಲ್ಲಿ ಮುಖ್ಯ ರನ್ನಿಂಗ್ ಬ್ಯಾಕ್ ಆದದ್ದು ಕೊನೆಯ ವರ್ಷದಲ್ಲಿ, ಅಲ್ಲಿಯವರೆಗೆ ಬೇರೆ ಸ್ಥಾನಗಳಲ್ಲಿ ಆಡುತ್ತಿದ್ದವರು. ಕ್ಯಾನ್ಸಸ್‌ನ ವಿಚಿಟಾದಲ್ಲಿ ಓದುತ್ತಿದ್ದ ಸ್ಯಾಂಡರ್ಸ್‌ರನ್ನು ಕೇಳಿಕೊಂಡು ಬಂದ ಕಾಲೇಜುಗಳು ಬೆರಳೆಣಿಕೆಯಷ್ಟು. ಜೆಂಟಿಗೆ ಸಿಕ್ಕಿದ್ದು ಮೂರು ಸ್ಟಾರ್. ಮೂರು ನಾಲ್ಕು ವರ್ಷಗಳ ಶಾಲಾ ಲೆಕ್ಕವನ್ನು ಕೂಡಿಸಿ ನೋಡಿದವರ ಕಣ್ಣಿಗೆ ಇವರಿಬ್ಬರೂ ಬೀಳುವ ಸಂಭವವೇ ಇರಲಿಲ್ಲ.

ಹಾಗಾದರೆ ನೋಡಬೇಕಾದದ್ದು ಏನನ್ನು? ಇಂದು ಬಹುತೇಕ ಪ್ರತಿಯೊಬ್ಬ ಶಾಲಾ ಆಟಗಾರನೂ ಹಡಲ್ ಎಂಬ ತಾಣದಲ್ಲಿ ತನ್ನ ಆಟದ ಆಯ್ದ ತುಣುಕುಗಳನ್ನು ಜೋಡಿಸಿಟ್ಟಿರುತ್ತಾನೆ. ಅದರಲ್ಲಿ ಇರುವುದೆಲ್ಲ ಎಪ್ಪತ್ತು ಎಂಬತ್ತು ಯಾರ್ಡ್‌ಗಳ ಓಟಗಳೇ. ಅವುಗಳಿಂದ ಹುಡುಗನಿಗೆ ವೇಗವಿದೆಯೇ ಎಂಬುದು ತಿಳಿಯುತ್ತದೆ, ಅದಕ್ಕಿಂತ ಹೆಚ್ಚಿನದು ತಿಳಿಯುವುದಿಲ್ಲ. ಅನುಭವಿ ತರಬೇತುದಾರ ಇಡೀ ಪಂದ್ಯದ ಚಿತ್ರೀಕರಣವನ್ನು, ಅದರಲ್ಲೂ ತಂಡ ಸೋತ ಪಂದ್ಯದ್ದನ್ನು, ತರಿಸಿ ನೋಡುತ್ತಾನೆ. ಅವನು ಹಿಂದೆ ಮುಂದೆ ತಿರುಗಿಸಿ ನಾಲ್ಕಾರು ಸಲ ನೋಡುವುದು ಮೂರು ಯಾರ್ಡ್ ಸಿಕ್ಕ ಓಟಗಳನ್ನು.

ಅಂಥ ಒಂದು ಓಟವನ್ನು ಹತ್ತಿರದಿಂದ ನೋಡೋಣ. ಇನ್‌ಸೈಡ್ ಝೋನ್ ಎಂಬುದು ಶಾಲೆಯಿಂದ ವೃತ್ತಿಪರ ಲೀಗ್‌ವರೆಗೆ ಎಲ್ಲೆಡೆ ಬಳಕೆಯಲ್ಲಿರುವ ಓಟದ ತಂತ್ರ. ಇದರಲ್ಲಿ ಐವರು ಲೈನ್‌ಮನ್‌ಗಳೂ ಒಂದೇ ದಿಕ್ಕಿಗೆ, ಬಲಕ್ಕೆ ಎಂದುಕೊಳ್ಳೋಣ, ಹೆಜ್ಜೆ ಹಾಕಿ ತಮ್ಮ ಪಾಲಿನ ಜಾಗಕ್ಕೆ ಬಂದವನನ್ನು ತಡೆಯುತ್ತಾರೆ. ಓಡುವವನಿಗೆ ಇಂಥದ್ದೇ ಸಂದಿಯಲ್ಲಿ ನುಗ್ಗು ಎಂಬ ಆದೇಶವಿಲ್ಲ. ಅವನು ಬಲಬದಿಯ ಲೈನ್‌ಮನ್ ಒಬ್ಬನ ಸೊಂಟವನ್ನು ಗುರಿಯಾಗಿಟ್ಟು ಹೊರಟು, ಎದುರಾಳಿ ಲೈನ್‌ಮನ್ ಯಾವ ಕಡೆಗೆ ಎಳೆಯಲ್ಪಡುತ್ತಾನೆ ಎಂಬುದನ್ನು ಓದುತ್ತಾ ದಾರಿ ಆರಿಸಿಕೊಳ್ಳಬೇಕು. ಎದುರಾಳಿ ಹೊರಕ್ಕೆ ಹೋದರೆ ಒಳಗೆ ತಿರುಗಬೇಕು, ಒಳಕ್ಕೆ ಸಿಕ್ಕಿಕೊಂಡರೆ ಹೊರಗೆ ಮುಂದುವರಿಯಬೇಕು. ಇಲ್ಲಿ ಮುಖ್ಯವಾದದ್ದು ಅವನು ಯಾವಾಗ ತಿರುಗುತ್ತಾನೆ ಎಂಬುದು. ಚೆಂಡು ಕೈಗೆ ಬಂದ ಎರಡನೇ ಹೆಜ್ಜೆಗೇ ಎಡಗಡೆಯ ಖಾಲಿ ಜಾಗ ಕಂಡು ಅತ್ತ ತಿರುಗಿದರೆ, ಹಿಂದೆ ನಿಂತು ಕಾಯುತ್ತಿರುವ ಲೈನ್‌ಬ್ಯಾಕರ್ ಕೂಡ ಅತ್ತಲೇ ಬಂದು ಆ ಜಾಗವನ್ನು ಮುಚ್ಚುತ್ತಾನೆ. ಒಳ್ಳೆಯ ಓಟಗಾರ ತನ್ನ ಲೈನ್‌ಮನ್‌ನ ಹಿಮ್ಮಡಿಯ ತನಕ, ಬಲಕ್ಕೇ ಹೋಗುವವನಂತೆ ಸಾಗುತ್ತಾನೆ. ಲೈನ್‌ಬ್ಯಾಕರ್ ಅದನ್ನು ನಂಬಿ ಬಲಕ್ಕೆ ಒಂದು ಹೆಜ್ಜೆ ಇಟ್ಟ ಕ್ಷಣದಲ್ಲಿ ಒಂದೇ ಒಂದು ಕಾಲು ಊರಿ ಎಡಕ್ಕೆ ಹೊರಳುತ್ತಾನೆ. ಲೈನ್‌ಬ್ಯಾಕರ್‌ನನ್ನು ತಡೆಯಲು ಹೊರಟ ಸಹ ಆಟಗಾರನಿಗೂ ಆ ಒಂದು ಹೆಜ್ಜೆಯಿಂದಲೇ ಅನುಕೂಲವಾಗುತ್ತದೆ. ದಾರಿ ತೆರೆದುಕೊಂಡಂತೆ ನಮಗೆ ಕಾಣುವ ಎಷ್ಟೋ ಓಟಗಳಲ್ಲಿ ಅದನ್ನು ತೆರೆದವನು ಓಡುತ್ತಿರುವವನೇ ಆಗಿರುತ್ತಾನೆ.

ಇದನ್ನೇ ತರಬೇತುದಾರರು ವಿಷನ್ ಎಂದು ಕರೆಯುವುದು. ಅದು ಕಣ್ಣಿನ ಚುರುಕಿಗಿಂತ ಹೆಚ್ಚಾಗಿ ಹೆಜ್ಜೆ ಮತ್ತು ಸಮಯದ ಲೆಕ್ಕಾಚಾರ. ಕೌಂಟರ್ ಎಂಬ ಇನ್ನೊಂದು ತಂತ್ರದಲ್ಲಿ, ಓಟದ ದಿಕ್ಕಿಗೆ ವಿರುದ್ಧ ಬದಿಯಲ್ಲಿದ್ದ ಇಬ್ಬರು ಆಟಗಾರರು ಲೈನ್‌ನ ಹಿಂದಿನಿಂದ ಸುತ್ತಿಕೊಂಡು ಬಂದು ಮುಂಚೂಣಿಯ ದಾರಿ ಬಿಡಿಸುತ್ತಾರೆ. ಅವರು ತಲುಪುವವರೆಗೆ ಕಾಯುವ ತಾಳ್ಮೆ ಅಲ್ಲಿ ಬೇಕು. ಝೋನ್ ಓಟದಲ್ಲಿ ಮಿಂಚುವ ಹುಡುಗ ಕೌಂಟರ್‌ನಲ್ಲಿ ತನ್ನ ಸಹಾಯಕರನ್ನೇ ದಾಟಿ ಹೋಗಿ ಸಿಕ್ಕಿಬೀಳುವುದುಂಟು. ಆದ್ದರಿಂದ ಕಾಲೇಜು ತಂಡವೊಂದು ತಾನು ಯಾವ ತಂತ್ರವನ್ನು ಹೆಚ್ಚು ಆಡುತ್ತದೆಯೋ ಅದರಲ್ಲೇ ಹುಡುಗ ಓಡಿರುವ ತುಣುಕುಗಳನ್ನು ಹುಡುಕುತ್ತದೆ. ಈ ಓದುವ ಗುಣವನ್ನು ಕಾಲೇಜಿನಲ್ಲಿ ಕಲಿಸಬಹುದೇ ಎಂಬುದರಲ್ಲಿ ಒಮ್ಮತವಿಲ್ಲ. ನಿಯಮಗಳನ್ನು ಕಲಿಸಬಹುದು, ಆದರೆ ಅರೆಕ್ಷಣ ಕಾಯುವ ಧೈರ್ಯವನ್ನು ಕಲಿಸುವುದು ಬಹಳ ಕಷ್ಟ ಎಂಬ ಪಕ್ಷದ ಕಡೆಗೆ ನಾನು ವಾಲುತ್ತೇನೆ.

ಅದಾದ ಮೇಲೆ ನೋಡಬೇಕಾದದ್ದು ಮೊದಲ ಹೊಡೆತ ಬಿದ್ದ ನಂತರ ಏನಾಗುತ್ತದೆ ಎಂಬುದನ್ನು. ಕಬಡ್ಡಿಯಲ್ಲಿ ಕಣಕಾಲು ಹಿಡಿತಕ್ಕೆ ಸಿಕ್ಕ ಮೇಲೂ ದೇಹದ ಭಾರವನ್ನು ಮುಂದಕ್ಕೆ ಹಾಕಿ ನಡುಗೆರೆ ಮುಟ್ಟುವ ರೈಡರ್‌ಗಳನ್ನು ಕಂಡವರಿಗೆ ಈ ಗುಣ ಏನೆಂದು ವಿವರಿಸಬೇಕಾಗಿಲ್ಲ. ಅದು ಕೇವಲ ತೋಳ್ಬಲದಿಂದ ಬರುವಂಥದ್ದಲ್ಲ. ಹೊಡೆತ ಬೀಳುವ ಮುನ್ನವೇ ಸೊಂಟ ತಗ್ಗಿಸಿ ಭುಜವನ್ನು ಎದುರಾಳಿಯ ಭುಜಕ್ಕಿಂತ ಕೆಳಗೆ ತರುವುದು, ಪೂರ್ತಿ ಎದೆ ಕೊಡದೆ ಅರ್ಧ ಮೈಯನ್ನಷ್ಟೇ ತೋರಿಸುವುದು, ತಾಗಿದ ಮೇಲೆ ಕಾಲುಗಳ ಚಲನೆಯನ್ನು ನಿಲ್ಲಿಸದೆ ಇರುವುದು, ಬೀಳುವುದೇ ಆದರೂ ಮುಂದಕ್ಕೇ ಬೀಳುವುದು, ಇವೆಲ್ಲ ಸೇರಿ ಆ ಗುಣವಾಗುತ್ತದೆ. ಶಾಲಾ ಹಂತದಲ್ಲಿ ಇದನ್ನು ಅಳೆಯುವಾಗ ಕೆಡವಲು ಬಂದವನು ಯಾರು ಎಂಬುದನ್ನೂ ಗಮನಿಸಬೇಕು. ತನಗಿಂತ ಇಪ್ಪತ್ತು ಕಿಲೋ ಹಗುರವಾದ ಹುಡುಗನ ಕೈ ಜಾರಿದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ.

ಜೆಂಟಿಯವರ ವಿಷಯದಲ್ಲಿ ಎಲ್ಲರೂ ಕೊನೆಗೆ ಒಪ್ಪಿಕೊಂಡದ್ದು ಈ ಗುಣವನ್ನೇ. ಅವರ ತಂದೆ ಅಮೆರಿಕದ ನೌಕಾಪಡೆಯಲ್ಲಿದ್ದುದರಿಂದ ಬಾಲ್ಯದ ಕೆಲವು ವರ್ಷಗಳನ್ನು ಇಟಲಿಯ ನೇಪಲ್ಸ್‌ನಲ್ಲಿ ಕಳೆದ ಅವರು, ಆಮೇಲೆ ಟೆಕ್ಸಸ್‌ನ ಫ್ರಿಸ್ಕೊ ನಗರದ ಲೋನ್ ಸ್ಟಾರ್ ಪ್ರೌಢಶಾಲೆಯಲ್ಲಿ ಓದಿದರು. ಡಲ್ಲಾಸ್‌ನ ಉತ್ತರಕ್ಕಿರುವ ಫ್ರಿಸ್ಕೊ ಈಗ ಬಹಳಷ್ಟು ಭಾರತೀಯರು, ಅವರ ನಡುವೆ ಕನ್ನಡಿಗರೂ, ನೆಲೆಸಿರುವ ಊರು. ಶುಕ್ರವಾರ ಸಂಜೆಯ ಶಾಲಾ ಪಂದ್ಯ ಅಲ್ಲಿನ ನಮ್ಮ ಮಕ್ಕಳ ಬದುಕಿನ ಭಾಗವೂ ಆಗಿದೆ. ಅಂಥ ಕಡೆ, ಕಾಲೇಜು ತರಬೇತುದಾರರು ವರ್ಷವಿಡೀ ಓಡಾಡುವ ಪ್ರದೇಶದಲ್ಲಿಯೇ, ಮೂರು ಸ್ಟಾರ್ ಪಡೆದು ದೂರದ ಐಡಾಹೊ ರಾಜ್ಯದ ಬಾಯ್ಸಿಗೆ ಹೋದ ಹುಡುಗ 2025ರ ಡ್ರಾಫ್ಟ್‌ನಲ್ಲಿ ಆರನೆಯವರಾಗಿ ಆಯ್ಕೆಯಾದರು. ನೋಡುವವರ ಕೊರತೆ ಅಲ್ಲಿರಲಿಲ್ಲ.

ವೇಗದ ಬಗ್ಗೆ ಹೆಚ್ಚು ಗೊಂದಲವಿಲ್ಲ, ಆದರೆ ಅಳತೆಯಲ್ಲಿ ಮೋಸ ಹೋಗುವುದು ಸುಲಭ. ನಲವತ್ತು ಯಾರ್ಡ್ ಓಟದ ಸಮಯವನ್ನು ಬೇಸಿಗೆಯ ಶಿಬಿರಗಳಲ್ಲಿ ಸ್ಟಾಪ್‌ವಾಚ್ ಹಿಡಿದು ಅಳೆದಾಗ, ವಿದ್ಯುನ್ಮಾನ ಗಡಿಯಾರಕ್ಕಿಂತ ಸುಮಾರು ಸೆಕೆಂಡಿನ ಹತ್ತನೇ ಎರಡು ಭಾಗ ಕಡಿಮೆ ಬರುತ್ತದೆ. ಈ ಓಟದಲ್ಲಿ ಅಷ್ಟು ವ್ಯತ್ಯಾಸವೆಂದರೆ ಸಾಧಾರಣ ವೇಗದವನಿಗೂ ಅಪರೂಪದ ವೇಗದವನಿಗೂ ಇರುವ ಅಂತರವೇ ಆಗಿಬಿಡುತ್ತದೆ. ಅದಕ್ಕಾಗಿಯೇ ಅಥ್ಲೆಟಿಕ್ಸ್ ಕೂಟಗಳಲ್ಲಿ ಅಧಿಕೃತವಾಗಿ ದಾಖಲಾದ 100 ಮೀಟರ್ ಸಮಯಕ್ಕೆ ಹೆಚ್ಚು ಬೆಲೆ. ನ್ಯೂಜೆರ್ಸಿಯ ಸೇಲಂ ಪ್ರೌಢಶಾಲೆಯ ಜೊನಾಥನ್ ಟೇಲರ್ ತಮ್ಮ ವಿಭಾಗದಲ್ಲಿ 100 ಮೀಟರ್‌ನ ರಾಜ್ಯ ಚಾಂಪಿಯನ್ ಆಗಿದ್ದರೂ ಮೂರು ಸ್ಟಾರ್‌ನವರಾಗಿಯೇ ಉಳಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಹೋದ ಅವರು 2017ರಿಂದ 2019ರವರೆಗಿನ ಮೂರೇ ಋತುಗಳಲ್ಲಿ 6,174 ಯಾರ್ಡ್ ಗಳಿಸಿದರು, ನೂರು ಕಿಲೋ ದಾಟಿದ ಮೈತೂಕದಲ್ಲಿ ನಲವತ್ತು ಯಾರ್ಡ್‌ಗಳನ್ನು 4.39 ಸೆಕೆಂಡಿನಲ್ಲಿ ಓಡಿದರು. ಪೂರ್ಣ ವೇಗಕ್ಕಿಂತಲೂ ಬೇಗನೆ ತಿಳಿಯಬೇಕಾದದ್ದು ನಿಂತಲ್ಲಿಂದ, ಅಥವಾ ದಿಕ್ಕು ಬದಲಿಸಿದ ಮೇಲೆ, ಎರಡು ಮೂರು ಹೆಜ್ಜೆಗಳಲ್ಲಿ ವೇಗ ಎಷ್ಟು ಮರಳುತ್ತದೆ ಎಂಬುದು. ಸಂದಿ ತೆರೆದಿರುವುದು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು. ಐವತ್ತು ಯಾರ್ಡ್ ಆಚೆ ಯಾರೂ ಹಿಡಿಯಲಾರದ ಹುಡುಗ ಆ ಸಂದಿಯನ್ನು ದಾಟದಿದ್ದರೆ ಅವನ ಪೂರ್ಣ ವೇಗ ಬಳಕೆಗೇ ಬರುವುದಿಲ್ಲ.

ಎತ್ತರ ಕಡಿಮೆಯಿದ್ದರೆ ಈ ಸ್ಥಾನದಲ್ಲಿ ದೋಷವಲ್ಲ. ಗುರುತ್ವ ಕೇಂದ್ರ ತಗ್ಗಿನಲ್ಲಿರುವುದರಿಂದ ಲಾಭವೇ ಹೆಚ್ಚು. ನೋಡಬೇಕಾದದ್ದು ತೊಡೆ, ಸೊಂಟ ಮತ್ತು ಬೆನ್ನಿನ ಕಟ್ಟು, ಅದರ ಮೇಲೆ ಇನ್ನೂ ಎಂಟು ಹತ್ತು ಕಿಲೋ ಸ್ನಾಯು ಕೂಡಿಸಿದರೆ ಚುರುಕು ಉಳಿಯುತ್ತದೆಯೇ ಎಂಬುದನ್ನು. ಹೆನ್ರಿಯವರ ಎತ್ತರದ ಬಗ್ಗೆ ಅನುಮಾನ ಬಂದದ್ದು ಇದರ ಮತ್ತೊಂದು ಮುಖ: ಎತ್ತರದವನು ಹೆಚ್ಚು ಮೈ ಕೊಡುತ್ತಾನೆ, ಅವನ ಕಾಲುಗಳಿಗೆ ನೇರ ಹೊಡೆತ ಬೀಳುತ್ತದೆ, ದಿಕ್ಕು ಬದಲಿಸಲು ಅವನಿಗೆ ಹೆಚ್ಚು ಹೆಜ್ಜೆ ಬೇಕಾಗುತ್ತದೆ. ಅವರ ತೂಕ, ವೇಗ, ಕೈಚಾಚಿ ಎದುರಾಳಿಯನ್ನು ದೂಡುವ ಶಕ್ತಿ ಮೂರೂ ಒಟ್ಟಿಗೆ ಇದ್ದುದರಿಂದ ಆ ನಿಯಮ ಅವರಿಗೆ ಅನ್ವಯಿಸಲಿಲ್ಲ. ಇಂಥ ಅಪವಾದವೊಂದು ಸಿಕ್ಕಿತೆಂದು ನಿಯಮವನ್ನು ಕೈಬಿಟ್ಟ ತರಬೇತುದಾರ ಮುಂದಿನ ಹತ್ತು ಆಯ್ಕೆಗಳಲ್ಲಿ ಪೆಟ್ಟು ತಿನ್ನುತ್ತಾನೆ.

ಶಾಲಾ ಆಟದಲ್ಲಿ ಬಹುಮಟ್ಟಿಗೆ ಕಾಣದೇ ಹೋಗುವ ಕೆಲಸವೊಂದಿದೆ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯಲು ಹಿಂದೆ ಸರಿದಾಗ, ಲೈನ್‌ಮನ್‌ಗಳನ್ನು ತಪ್ಪಿಸಿಕೊಂಡು ನುಗ್ಗಿಬರುವ ಲೈನ್‌ಬ್ಯಾಕರ್‌ನನ್ನು ಗುರುತಿಸಿ ತಡೆಯಬೇಕಾದವನು ರನ್ನಿಂಗ್ ಬ್ಯಾಕ್. ಕಾಲೇಜಿಗೆ ಬಂದ ಮೊದಲ ವರ್ಷದ ಪ್ರತಿಭಾವಂತರು ಬೆಂಚಿನ ಮೇಲೆ ಕೂರಬೇಕಾಗುವುದಕ್ಕೆ ಇದು ಸಾಮಾನ್ಯ ಕಾರಣ: ಓಟದಲ್ಲಿ ಎಷ್ಟೇ ಚತುರನಾದರೂ, ಯಾರು ನುಗ್ಗಿಬರುತ್ತಾನೆಂದು ತಿಳಿಯದ ಹುಡುಗನ ಹಿಂದೆ ತನ್ನ ಕ್ವಾರ್ಟರ್‌ಬ್ಯಾಕ್‌ನನ್ನು ನಿಲ್ಲಿಸಲು ಯಾವ ತರಬೇತುದಾರನೂ ಒಪ್ಪುವುದಿಲ್ಲ. ಶಾಲೆಯಲ್ಲಿ ಈ ಕೆಲಸ ಮಾಡಿಸುವುದೇ ವಿರಳವಾದ್ದರಿಂದ ಅದನ್ನು ಸುತ್ತುಬಳಸಿ ಅಂದಾಜು ಮಾಡಬೇಕಾಗುತ್ತದೆ. ಅನೇಕ ಶಾಲೆಗಳಲ್ಲಿ ಒಬ್ಬನೇ ಹುಡುಗ ದಾಳಿಯಲ್ಲೂ ರಕ್ಷಣೆಯಲ್ಲೂ ಆಡುತ್ತಾನೆ. ಅವನು ರಕ್ಷಣೆಯಲ್ಲಿದ್ದಾಗ ಡಿಕ್ಕಿಗೆ ಮುಂದಾಗುತ್ತಾನೆಯೇ, ಹಿಂಜರಿಯುತ್ತಾನೆಯೇ ಎಂಬುದರಿಂದ ಒಂದಿಷ್ಟು ಸುಳಿವು ಸಿಗುತ್ತದೆ. ಚೆಂಡು ತನ್ನ ಕೈಗೆ ಬಾರದ ಆಟಗಳಲ್ಲಿ ಅವನು ಏನು ಮಾಡುತ್ತಾನೆ ಎಂಬುದರಿಂದ ಇನ್ನಷ್ಟು ತಿಳಿಯುತ್ತದೆ.

ಎಸೆದ ಚೆಂಡನ್ನು ಹಿಡಿಯುವ ಕೌಶಲ ಮೊದಲು ಹೆಚ್ಚುವರಿ ಅರ್ಹತೆಯಾಗಿತ್ತು, ಈಗ ಕಡ್ಡಾಯ. ಕೊಲರಾಡೋದ ವ್ಯಾಲರ್ ಕ್ರಿಶ್ಚಿಯನ್ ಶಾಲೆಯಿಂದ ಸ್ಟ್ಯಾನ್‌ಫರ್ಡ್‌ಗೆ ಹೋದ ಕ್ರಿಶ್ಚಿಯನ್ ಮೆಕಾಫ್ರಿ 2015ರಲ್ಲಿ ಓಟ, ಕ್ಯಾಚ್ ಮತ್ತು ಕಿಕ್ ಮರಳಿಸುವಿಕೆ ಎಲ್ಲ ಸೇರಿ 3,864 ಯಾರ್ಡ್ ಗಳಿಸಿ, 1988ರಲ್ಲಿ ಸ್ಯಾಂಡರ್ಸ್ ಬರೆದಿದ್ದ 3,250ರ ದಾಖಲೆಯನ್ನು ಮುರಿದರು. ಈ ಕೌಶಲವನ್ನು ಶಿಬಿರಗಳಲ್ಲಿ ನೋಡಬಹುದು, ಏಕೆಂದರೆ ಅಲ್ಲಿ ರಕ್ಷಾಕವಚವಿಲ್ಲದೆ, ಡಿಕ್ಕಿಯಿಲ್ಲದೆ ಆಡಿಸುತ್ತಾರೆ. ಅದೇ ಕಾರಣಕ್ಕೆ ರನ್ನಿಂಗ್ ಬ್ಯಾಕ್‌ನ ಉಳಿದ ಗುಣಗಳ ಬಗ್ಗೆ ಶಿಬಿರಗಳು ಹೇಳುವುದು ಬಹಳ ಕಡಿಮೆ. ಕ್ವಾರ್ಟರ್‌ಬ್ಯಾಕ್ ಅಥವಾ ಅವನು ಎಸೆದ ಚೆಂಡನ್ನು ಹಿಡಿಯುವ ರಿಸೀವರ್ ಒಬ್ಬ ಶಿಬಿರದಿಂದ ಒಂದು ಸ್ಟಾರ್ ಮೇಲೇರಿದರೆ ಅದಕ್ಕೆ ಅರ್ಥವಿರಬಹುದು, ರನ್ನಿಂಗ್ ಬ್ಯಾಕ್ ಹಾಗೆ ಏರಿದರೆ ಸಂಶಯದಿಂದಲೇ ನೋಡಬೇಕು.

ಇತ್ತೀಚಿನ ವರ್ಷಗಳಲ್ಲಿ ಈ ಅಳತೆಗೋಲಿನ ಸುತ್ತಲಿನ ಆರ್ಥಿಕತೆಯೇ ಬದಲಾಗಿದೆ. ಆಟಗಾರರು ಕಾಲೇಜು ಬದಲಿಸಲು ಹೆಸರು ನೋಂದಾಯಿಸುವ ಟ್ರಾನ್ಸ್‌ಫರ್ ಪೋರ್ಟಲ್ 2018ರಲ್ಲಿ ಬಂತು. ಒಂದು ಸಲ ಬದಲಿಸಿದವರು ಒಂದು ವರ್ಷ ಹೊರಗೆ ಕೂರಬೇಕಾಗಿಲ್ಲ ಎಂಬ ನಿಯಮ 2021ರಲ್ಲಿ ಜಾರಿಯಾಯಿತು. ಅದೇ ವರ್ಷದ ಜುಲೈಯಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದು. 2025ರ ನ್ಯಾಯಾಲಯದ ಒಪ್ಪಂದದ ನಂತರ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದಾಗಿದ್ದು, ತಂಡದ ಮಿತಿ 105 ಆಟಗಾರರಾಗಿದೆ. ರನ್ನಿಂಗ್ ಬ್ಯಾಕ್ ಸ್ಥಾನಕ್ಕೆ ಇದರ ಪರಿಣಾಮ ವಿಶೇಷವಾದದ್ದು. ಈ ಸ್ಥಾನದಲ್ಲಿ ದೇಹ ಬೇಗ ಸವೆಯುತ್ತದೆ, ಹೊಸಬರು ಬೇಗ ಸಿದ್ಧರಾಗುತ್ತಾರೆ, ಮತ್ತೊಂದು ಕಾಲೇಜಿನಲ್ಲಿ ಈಗಾಗಲೇ ನೂರು ಸಲ ಚೆಂಡು ಹಿಡಿದು ಓಡಿ ತೋರಿಸಿದವನನ್ನು ಪೋರ್ಟಲ್‌ನಿಂದ ತಂದರೆ ಊಹೆಯ ಭಾಗ ಕಡಿಮೆಯಾಗುತ್ತದೆ. ಜಾರ್ಜಿಯಾ ಟೆಕ್‌ನಿಂದ ಅಲಬಾಮಾಕ್ಕೆ ಬಂದ ಜಹ್ಮೀರ್ ಗಿಬ್ಸ್ ಒಂದೇ ವರ್ಷ ಅಲ್ಲಿ ಆಡಿ 2023ರ ಡ್ರಾಫ್ಟ್‌ನಲ್ಲಿ 12ನೆಯವರಾಗಿ ಹೋದರು. ವೃತ್ತಿಪರ ತಂಡಗಳಿಗೂ ಈ ಸ್ಥಾನದ ಬಗ್ಗೆ ಇದೇ ಹಿಂಜರಿಕೆ: 2013, 2014, 2022 ಮತ್ತು 2024ರ ಡ್ರಾಫ್ಟ್‌ಗಳ ಮೊದಲ ಸುತ್ತಿನಲ್ಲಿ ಒಬ್ಬ ರನ್ನಿಂಗ್ ಬ್ಯಾಕ್ ಕೂಡ ಆಯ್ಕೆಯಾಗಲಿಲ್ಲ. ಮೊದಲ ಸುತ್ತನ್ನೇ ಆಧಾರವಾಗಿಟ್ಟುಕೊಂಡ ಶ್ರೇಣಿಗಳಲ್ಲಿ ಈ ಸ್ಥಾನಕ್ಕೆ ಐದು ಸ್ಟಾರ್‌ಗಳು ವಿರಳವಾಗುವುದು ಇದರಿಂದಲೇ. ಹಾಗಾಗಿ ನಾಲ್ಕು ಸ್ಟಾರ್ ಪಡೆದ ಓಟಗಾರನೊಬ್ಬ ಅವನ ಸ್ಥಾನದ ಬೆಲೆಯಿಂದ ಕೆಳಗಿಳಿದನೇ, ಅವನ ಆಟದಿಂದಲೇ ಎಂಬುದನ್ನು ಬೇರ್ಪಡಿಸಿ ನೋಡುವುದು ಅಗತ್ಯ.

ಶಾಲಾ ಹುಡುಗರ ಪಾಲಿಗೆ ಇದು ಬಾಗಿಲು ಕಿರಿದಾದಂತೆ. 2017ರಿಂದ ಡಿಸೆಂಬರ್‌ನಲ್ಲೇ ಕಾಲೇಜಿನೊಂದಿಗೆ ಸೇರ್ಪಡೆಯ ಸಹಿ ಹಾಕುವ ಅವಕಾಶ ಬಂದ ಮೇಲೆ, ಕಾಲೇಜುಗಳು ಬಹುತೇಕ ತೀರ್ಮಾನಗಳನ್ನು ಹುಡುಗನ ಶಾಲೆಯ ಕೊನೆಯ ವರ್ಷಕ್ಕೆ ಮೊದಲೇ, ಹದಿನಾರರ ವಯಸ್ಸಿನ ಆಟವನ್ನು ನೋಡಿಯೇ ಮಾಡಿಮುಗಿಸುತ್ತವೆ. ಕೊನೆಯ ವರ್ಷದಲ್ಲಿ ಈ ಸ್ಥಾನಕ್ಕೆ ಬಂದು ಅರಳುವವರು ಅಲ್ಲಿಯೇ ತಪ್ಪಿಹೋಗುತ್ತಾರೆ. ಆದ್ದರಿಂದ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳ ಪಂದ್ಯಗಳ ಚಿತ್ರೀಕರಣಕ್ಕೆ ಒಂದು ಜಾಗವನ್ನಾದರೂ ಉಳಿಸಿಕೊಳ್ಳುವ ತಂಡಗಳಿಗೆ ನನ್ನ ಮೆಚ್ಚುಗೆ ಇದೆ. ಆ ಚಿತ್ರೀಕರಣದಲ್ಲಿ ಮೊದಲು ತೆರೆಯಬೇಕಾದದ್ದು ನಾಲ್ಕನೇ ಕಾಲುಭಾಗ. ಅಷ್ಟು ಹೊತ್ತಿಗೆ ಹುಡುಗ ಇಪ್ಪತ್ತಕ್ಕೂ ಹೆಚ್ಚು ಸಲ ನೆಲಕ್ಕೆ ಬಿದ್ದು ಎದ್ದಿರುತ್ತಾನೆ, ಅವನೇ ಓಡುವವನೆಂದು ಎದುರಾಳಿಗಳಿಗೆಲ್ಲ ಗೊತ್ತಿರುತ್ತದೆ, ಅವನ ಲೈನ್‌ಮನ್‌ಗಳೂ ದಣಿದಿರುತ್ತಾರೆ. ಆಗಲೂ ಅವನು ಲೈನ್‌ಮನ್‌ನ ಹಿಮ್ಮಡಿಯವರೆಗೆ ಹೋಗಿ ಕಾಯುತ್ತಾನೆಯೇ, ಭುಜ ತಗ್ಗಿಸುತ್ತಾನೆಯೇ, ಚೆಂಡನ್ನು ಎದೆಗೆ ಒತ್ತಿ ಹಿಡಿದಿರುತ್ತಾನೆಯೇ ಎಂಬುದು ಹತ್ತು ನಿಮಿಷದಲ್ಲಿ ತಿಳಿದುಬಿಡುತ್ತದೆ.